ಬಸಿದ ನೆಲದ ಉಸಿರು: ದೇಶ ದೇಶಗಳ ನೈಟ್ರಸ್ ಆಕ್ಸೈಡ್ ಲೆಕ್ಕ

(ಮಣ್ಣು ಮತ್ತು ನೀರಿನ ಸಂರಕ್ಷಣೆ ಕುರಿತ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಂಗ್ಲೆಂಡಿನ ಪೂರ್ವಭಾಗದಲ್ಲಿ ಫೆನ್ ಎಂದು ಕರೆಯಲಾಗುವ ಜೌಗು ಬಯಲಿದೆ. ಅಲ್ಲಿದ್ದ ವಿಶಾಲವಾದ ಸರೋವರವೊಂದನ್ನು 1851ರ ಸುಮಾರಿಗೆ ಬಸಿದು ಹೊಲವಾಗಿ ಮಾರ್ಪಡಿಸಲಾಯಿತು. ನೀರು ಹೋದ ಮೇಲೆ ನೆಲ ಎಷ್ಟು ತಗ್ಗುತ್ತದೆಂದು ತಿಳಿಯುವ ಸಲುವಾಗಿ ಹೋಮ್ ಎಂಬ ಊರಿನ ಬಳಿ ಒಂದು ಕಬ್ಬಿಣದ ಕಂಬವನ್ನು ತಳದ ಜೇಡಿಮಣ್ಣಿನವರೆಗೆ ಇಳಿಸಿ, ಅದರ ನೆತ್ತಿ ನೆಲಮಟ್ಟಕ್ಕೆ ಸರಿಹೊಂದುವಂತೆ ನಿಲ್ಲಿಸಿದರು. ಇಂದು ಆ ಕಂಬದ ನೆತ್ತಿ ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿದೆ. ಕಂಬ ಮೇಲೇರಿದ್ದಲ್ಲ, ನೆಲ ಕೆಳಗಿಳಿದದ್ದು. ಇಳಿದ ನೆಲದ ಒಂದು ಪಾಲು ನೀರು ಬತ್ತಿ ಕುಗ್ಗಿದ್ದರಿಂದ ಆದದ್ದು ನಿಜ. ಮಿಕ್ಕ ಪಾಲು ಗಾಳಿಯಲ್ಲಿ ಸೇರಿಹೋಗಿದೆ. ಹಾಗೆ ಗಾಳಿಗೆ ಸೇರಿದ ವಸ್ತುವಿನಲ್ಲಿ ಇಂಗಾಲವೇ ಹೆಚ್ಚು. ಆದರೆ ಅದರ ಜೊತೆಯಲ್ಲಿ ಸದ್ದಿಲ್ಲದೆ ಹೊರಡುವ ಇನ್ನೊಂದು ಅನಿಲವುಂಟು. ಅದು ನೈಟ್ರಸ್ ಆಕ್ಸೈಡ್. ಈ ಅನಿಲವನ್ನು ಯಾವ ದೇಶದ ಬಸಿದ ಹೊಲ ಎಷ್ಟು ಬಿಡುತ್ತದೆ, ಆ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗ ಎಲ್ಲೆಲ್ಲಿ ಎಡವುವ ಅಪಾಯವಿದೆ ಎಂಬುದು ಇಂದಿನ ವಿಷಯ.

ಜೌಗಿನ ತಳದಲ್ಲಿರುವ ಪೀಟ್ ಎಂಬ ಮಣ್ಣು ಸಾವಿರಾರು ವರ್ಷಗಳ ಅರೆಕೊಳೆತ ಸಸ್ಯರಾಶಿ. ನೀರು ನಿಂತಿರುವವರೆಗೆ ಅದರೊಳಗೆ ಆಮ್ಲಜನಕ ಇಳಿಯದು. ಆದುದರಿಂದ ಕೊಳೆಯುವಿಕೆ ಅರ್ಧದಲ್ಲೇ ತಡೆದು ನಿಂತಿರುತ್ತದೆ. ಬಸಿಗಾಲುವೆ ತೋಡಿದ ದಿನದಿಂದ ಆ ತಡೆ ತೊಲಗಿ, ಗಾಳಿ ಒಳಹೊಕ್ಕು, ಸೂಕ್ಷ್ಮಜೀವಿಗಳು ತಮ್ಮ ಬಾಕಿ ಕೆಲಸವನ್ನು ಮುಂದುವರಿಸುತ್ತವೆ. ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗಿ ಹೊರಡುತ್ತದೆ. ಸಸ್ಯರಾಶಿಯಲ್ಲಿ ಸೆರೆಯಾಗಿದ್ದ ಸಾರಜನಕ ಮೊದಲು ಅಮೋನಿಯಂ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಾಗುತ್ತದೆ. ಮಳೆ ಬಂದು ಮಣ್ಣಿನ ರಂಧ್ರಗಳು ಮುಕ್ಕಾಲು ಪಾಲು ನೀರಿನಿಂದ ತುಂಬಿದಾಗ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಆ ನೈಟ್ರೇಟಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಈ ಎರಡು ಕ್ರಿಯೆಗಳ ನಡುವೆ ನೈಟ್ರಸ್ ಆಕ್ಸೈಡ್ ಸೋರಿಹೋಗುತ್ತದೆ. ಮಣ್ಣು ಸಂಪೂರ್ಣ ಮುಳುಗಿದ್ದರೆ ಕ್ರಿಯೆ ಕೊನೆಯವರೆಗೆ ಸಾಗಿ ನಿರುಪದ್ರವಿಯಾದ ಸಾರಜನಕವೇ ಹೊರಬರುತ್ತದೆ. ಪೂರ್ಣ ಒಣಗಿದ್ದರೆ ಎರಡನೆಯ ಕ್ರಿಯೆ ನಡೆಯುವುದೇ ಇಲ್ಲ. ಅತ್ತ ಹಸಿಯೂ ಅಲ್ಲದ, ಇತ್ತ ಒಣದೂ ಅಲ್ಲದ ಸ್ಥಿತಿಯೇ ಅಪಾಯದ್ದು. ಬೇಸಾಯಕ್ಕಾಗಿ ಬಸಿದ ನೆಲ ವರ್ಷದ ಬಹುಪಾಲು ಇರುವುದು ಈ ಸ್ಥಿತಿಯಲ್ಲಿಯೇ. ಒಂದು ಹಿಡಿ ಯೂರಿಯಾ ಹಾಕದಿದ್ದರೂ ಈ ನೆಲ ನೈಟ್ರಸ್ ಆಕ್ಸೈಡನ್ನು ಬಿಡುತ್ತಲೇ ಇರುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಗೊಬ್ಬರದಿಂದ ಹೊರಡುವ ಪಾಲನ್ನು ಬೇರೆಯಾಗಿಯೇ ಲೆಕ್ಕ ಹಾಕುವುದು ಪದ್ಧತಿ.

ಪ್ರಮಾಣ ಅಲ್ಪ, ಪ್ರಭಾವ ಅಧಿಕ. ನೂರು ವರ್ಷಗಳ ಅವಧಿಯಲ್ಲಿ ಒಂದು ಕಿಲೋಗ್ರಾಂ ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿಮಾಡುವುದು 273 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಒಮ್ಮೆ ಹೊರಬಂದದ್ದು ವಾಯುಮಂಡಲದಲ್ಲಿ ನೂರು ವರ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಕೈಗಾರಿಕಾ ಯುಗಕ್ಕೆ ಮುನ್ನ ನೂರು ಕೋಟಿ ಅಣುಗಳಿಗೆ ಸುಮಾರು 270ರಷ್ಟಿದ್ದ ಇದರ ಪ್ರಮಾಣ 2022ರ ಹೊತ್ತಿಗೆ 335ನ್ನು ದಾಟಿತು. ಓಜೋನ್ ಪದರಕ್ಕೂ ಇದು ವೈರಿ. 21ನೆಯ ಶತಮಾನದಲ್ಲಿ ಮಾನವರು ಹೊರಬಿಡುವ ಓಜೋನ್ ನಾಶಕಗಳಲ್ಲಿ ನೈಟ್ರಸ್ ಆಕ್ಸೈಡಿನದೇ ಅಗ್ರಸ್ಥಾನವೆಂದು 2009ರಲ್ಲಿ ತೋರಿಸಿಕೊಟ್ಟ ತಂಡದ ಮುಖ್ಯಸ್ಥರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ಎ. ಆರ್. ರವಿಶಂಕರ ಅವರು. ಈ ಸಂಗತಿ ಕನ್ನಡ ಪತ್ರಿಕೆಗಳಲ್ಲಿ ಬರಬೇಕಾದಷ್ಟು ಬಂದಿಲ್ಲ.

ಇನ್ನು ಲೆಕ್ಕದ ಮಾತು. ಪ್ರತಿ ದೇಶವೂ ತನ್ನ ಹೊಲಗಳೆಲ್ಲವನ್ನೂ ಅಳೆಯಲಾರದು. ಹೀಗಾಗಿ ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಒಂದು ಹೆಕ್ಟೇರಿಗೆ ವರ್ಷಕ್ಕೆ ಇಷ್ಟೆಂಬ ಸಾಮಾನ್ಯ ದರಗಳನ್ನು ಕೊಟ್ಟಿದೆ. ಸ್ವಂತ ಅಳತೆಯಿಲ್ಲದ ದೇಶಗಳು ಬಸಿದ ನೆಲದ ವಿಸ್ತೀರ್ಣವನ್ನು ಈ ದರದಿಂದ ಗುಣಿಸುತ್ತವೆ. 1996ರ ಕೈಪಿಡಿಯಲ್ಲಿ ಸಮಶೀತೋಷ್ಣ ದೇಶಗಳ ಬಸಿದ ಸಾವಯವ ಮಣ್ಣಿಗೆ ದರ 5 ಕಿಲೋಗ್ರಾಂ, ಉಷ್ಣವಲಯಕ್ಕೆ 10. ಕೆಲವೇ ವರ್ಷಗಳಲ್ಲಿ ಅವು 8 ಮತ್ತು 16 ಆದವು. 2006ರ ಕೈಪಿಡಿಯೂ ಅವನ್ನೇ ಉಳಿಸಿಕೊಂಡಿತು. 2013ರ ಜೌಗುಭೂಮಿ ಪೂರಕ ಸಂಪುಟದಲ್ಲಿ ಚಿತ್ರವೇ ತಿರುಗಿಬಿತ್ತು. ಶೀತ ಹಾಗೂ ಸಮಶೀತೋಷ್ಣ ವಲಯದ ಬೆಳೆಭೂಮಿಗೆ ದರ 13ಕ್ಕೆ ಏರಿತು. ಉಷ್ಣವಲಯದ ಬೆಳೆಭೂಮಿಗೆ 5ಕ್ಕೆ ಇಳಿಯಿತು. ಎಣ್ಣೆತಾಳೆ ತೋಟಕ್ಕೆ 1.2 ಎಂದಾಯಿತು. ಉಷ್ಣವಲಯದಲ್ಲಿ ಕೊಳೆಯುವಿಕೆ ವೇಗವಾಗಿ ನಡೆಯುವುದರಿಂದ ದುಪ್ಪಟ್ಟು ಇರಲೇಬೇಕೆಂದು ಹಿಂದಿನವರು ಊಹಿಸಿದ್ದರು. ಅಳತೆಗಳು ಬಂದಾಗ ಊಹೆ ನಿಲ್ಲಲಿಲ್ಲ. ಬೋರ್ನಿಯೊ, ಸುಮಾತ್ರಾಗಳ ಪೀಟ್ ಮರದ ತೊಗಟೆ, ಬೇರುಗಳಿಂದಾದದ್ದು. ಮಳೆನೀರನ್ನಷ್ಟೇ ಉಂಡು ಬೆಳೆದದ್ದು. ಅದರಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಸ್ವೀಡನ್ನಿನ ಬಸಿದ ಅರಣ್ಯಭೂಮಿಗಳನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಗಾಲ ಮತ್ತು ಸಾರಜನಕಗಳ ಅನುಪಾತ 25ನ್ನು ಮೀರಿದರೆ ನೈಟ್ರಸ್ ಆಕ್ಸೈಡ್ ಹೊರಡುವುದು ಅತ್ಯಲ್ಪವೆಂದು ತೋರಿಸಿತ್ತು. ದೇಶದ ಉಷ್ಣಾಂಶಕ್ಕಿಂತ ಈ ಅನುಪಾತವೇ ಹೆಚ್ಚು ಮಾತನಾಡುತ್ತದೆ.

ಇಲ್ಲಿ ಕೊಟ್ಟ 13, 5, 1.2 ಇವೆಲ್ಲ ಅನಿಲದೊಳಗಿನ ಸಾರಜನಕದ ತೂಕ, ಇಡೀ ಅನಿಲದ ತೂಕವಲ್ಲ. ಅನಿಲದ ತೂಕ ಬೇಕಾದರೆ 44ರಿಂದ ಗುಣಿಸಿ 28ರಿಂದ ಭಾಗಿಸಬೇಕು. ಒಂದು ದೇಶದ ವರದಿಯಲ್ಲಿ ಸಾರಜನಕದ ತೂಕ, ಇನ್ನೊಂದರಲ್ಲಿ ಅನಿಲದ ತೂಕವಿರುವುದನ್ನು ಗಮನಿಸದೆ ಹೋಲಿಸಿದರೆ ಒಂದೂವರೆ ಪಟ್ಟಿಗೂ ಹೆಚ್ಚಿನ ಸುಳ್ಳು ವ್ಯತ್ಯಾಸ ಹುಟ್ಟುತ್ತದೆ. ತಾಪನ ಶಕ್ತಿಯ ಗುಣಕವೂ ಸ್ಥಿರವಾದುದಲ್ಲ. ಐಪಿಸಿಸಿಯ ಬೇರೆ ಬೇರೆ ವರದಿಗಳಲ್ಲಿ ಅದು 310, 298, 265, 273 ಎಂದು ಬದಲಾಗುತ್ತ ಬಂದಿದೆ. ಇಪ್ಪತ್ತು ವರ್ಷ ಹಿಂದಿನ ಅಂಕಿಯನ್ನು ಇಂದಿನ ಅಂಕಿಯೊಡನೆ ಇಟ್ಟು “ಇಳಿದಿದೆ” ಎಂದು ಹೆಮ್ಮೆಪಡುವ ವರದಿಗಳನ್ನು ಓದುವಾಗ ಈ ಗುಣಕವನ್ನು ಮೊದಲು ನೋಡುವುದು ಕ್ಷೇಮ.

ಈಗ ಒಂದು ಹೋಲಿಕೆ. ಫಿನ್ಲೆಂಡಿನ ಬಾರ್ಲಿ ಹೊಲವೊಂದು, ಸುಮಾತ್ರಾದ ಎಣ್ಣೆತಾಳೆ ತೋಟವೊಂದು, ಎರಡೂ ಬಸಿದ ಪೀಟಿನ ಮೇಲಿವೆ. ನೈಟ್ರಸ್ ಆಕ್ಸೈಡ್ ಮಾತ್ರ ನೋಡಿದರೆ ಫಿನ್ಲೆಂಡಿನ ರೈತನೇ ಸುಮಾರು 11 ಪಟ್ಟು ಅಪರಾಧಿ. ಈ ಅಂಕಿಯನ್ನು ಕಂಡ ತೋಟದ ಕಂಪನಿಯವರಿಗೆ ಸಂತೋಷವಾದರೆ ಆಶ್ಚರ್ಯವಿಲ್ಲ. ಆದರೆ ಇಂಗಾಲದ ಲೆಕ್ಕವನ್ನು ಕೂಡಿಸಿ ನೋಡಬೇಕು. ಅದೇ 2013ರ ಸಂಪುಟದ ಪ್ರಕಾರ ಹೆಕ್ಟೇರಿಗೆ ವರ್ಷಕ್ಕೆ ಹೊರಡುವ ಇಂಗಾಲ ಬಾರ್ಲಿಯಂತಹ ಬೆಳೆಭೂಮಿಯಲ್ಲಿ 7.9 ಟನ್, ಎಣ್ಣೆತಾಳೆಯಲ್ಲಿ 11 ಟನ್. ಎರಡೂ ಅನಿಲಗಳನ್ನು ಇಂಗಾಲದ ಡೈಆಕ್ಸೈಡಿನ ಸಮಾನಕ್ಕೆ ತಂದರೆ ಬಾರ್ಲಿ ಹೊಲ ಸುಮಾರು 35 ಟನ್, ತಾಳೆ ತೋಟ ಸುಮಾರು 41 ಟನ್. ಬಾರ್ಲಿ ಹೊಲದ 35ರಲ್ಲಿ ನೈಟ್ರಸ್ ಆಕ್ಸೈಡಿನ ಪಾಲು ಐದೂವರೆ ಟನ್ನಿಗೆ ತುಸು ಮಿಕ್ಕಿದೆ. ತಾಳೆ ತೋಟದಲ್ಲಿ ಅರ್ಧ ಟನ್ ಮಾತ್ರ. ಒಂದೇ ಅನಿಲವನ್ನು ಹಿಡಿದು ದೇಶಗಳನ್ನು ಸಾಲಾಗಿ ನಿಲ್ಲಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ತಾಳೆಯ ಈ ಲೆಕ್ಕದಲ್ಲಿ ಬೆಂಕಿ ಸೇರಿಲ್ಲ ಎಂಬುದನ್ನೂ ನೆನಪಿಡಬೇಕು.

ಬೆಂಕಿಯ ಕಥೆ ಹೇಳದೆ ಇಂಡೊನೇಷ್ಯಾದ ಮಾತು ಮುಗಿಯುವುದಿಲ್ಲ. 1995ರಲ್ಲಿ ಸುಹಾರ್ತೊ ಸರ್ಕಾರವು ಮಧ್ಯ ಕಾಲಿಮಂತಾನಿನ ಹತ್ತು ಲಕ್ಷ ಹೆಕ್ಟೇರ್ ಜೌಗು ಅರಣ್ಯವನ್ನು ಭತ್ತದ ಕಣಜವಾಗಿಸುವ ಯೋಜನೆ ಹೂಡಿತು. 4000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳನ್ನು ತೋಡಲಾಯಿತು. ಜಾವಾದಿಂದ ಬಡ ರೈತ ಕುಟುಂಬಗಳನ್ನು ಕರೆತಂದು ಕೂಡಿಸಲಾಯಿತು. ಆಮ್ಲೀಯವಾದ ಆ ಮಣ್ಣಿನಲ್ಲಿ ಭತ್ತ ಕೈಗೆ ಬರಲಿಲ್ಲ. ನೀರು ಬಸಿದ ಪೀಟ್ ಮಾತ್ರ ಸೌದೆಯಂತೆ ಒಣಗಿತು. 1997ರ ಬರಗಾಲದಲ್ಲಿ ಹೊತ್ತಿದ ಬೆಂಕಿ ತಿಂಗಳುಗಟ್ಟಲೆ ನೆಲದೊಳಗೇ ಉರಿಯಿತು. ಯೋಜನೆಯನ್ನು 1999ರ ಹೊತ್ತಿಗೆ ಕೈಬಿಡಲಾಯಿತು, ಕಾಲುವೆಗಳು ಉಳಿದವು. 2015ರಲ್ಲಿ ದೇಶದ ಪೀಟ್ ಮತ್ತೆ ಉರಿದ ಬಳಿಕ, 2016ರಲ್ಲಿ ಸರ್ಕಾರ ಪೀಟ್ ಪುನಶ್ಚೇತನಕ್ಕೆಂದೇ ಸಂಸ್ಥೆಯೊಂದನ್ನು ಸ್ಥಾಪಿಸಿತು. ಹಾಗಿದ್ದೂ 2020ರಲ್ಲಿ ಅದೇ ಹಳೆಯ ಯೋಜನಾ ಪ್ರದೇಶದ ಭಾಗಗಳಲ್ಲಿ ಮತ್ತೆ ಆಹಾರ ಬೆಳೆಯ ಯೋಜನೆ ಘೋಷಣೆಯಾಯಿತು. ಹೊಣೆಗಾರಿಕೆ ಇಂಡೊನೇಷ್ಯಾದ ಲೆಕ್ಕದಲ್ಲಿ ಬರೆಯಲ್ಪಡುತ್ತದೆ. ಆದರೆ ತಾಳೆಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಮಲೆನಾಡಿನ ಮನೆಗಳಲ್ಲಿ ಹಬ್ಬದ ಕಜ್ಜಾಯ ಬೇಯುವ ಬಾಣಲೆಗೂ ಆ ಕಾಲುವೆಗಳಿಗೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ.

ಯೂರೋಪಿನ ದೇಶಗಳ ನಡುವೆಯೇ ಅಂಕಿಗಳು ಒಂದೇ ಬಗೆಯವಲ್ಲ. ಫಿನ್ಲೆಂಡಿನಲ್ಲಿ ವಿಜ್ಞಾನಿಗಳು ಹೊಲದ ಮೇಲೆ ಮುಚ್ಚಿದ ಪೆಟ್ಟಿಗೆ ಬೋರಲು ಹಾಕಿ, ಒಳಗೆ ಕೂಡುವ ಗಾಳಿಯನ್ನು ಸಿರಿಂಜಿನಿಂದ ತೆಗೆದು ಪ್ರಯೋಗಾಲಯದಲ್ಲಿ ಅಳೆದರು. ಬೆಳೆ ಇರುವ ತಿಂಗಳುಗಳಲ್ಲಿ ಮಾತ್ರ ಅಳೆದಿದ್ದರೆ ಅವರು ಮೋಸಹೋಗುತ್ತಿದ್ದರು. ಅಲ್ಲಿನ ವಾರ್ಷಿಕ ಹೊರಸೂಸುವಿಕೆಯ ದೊಡ್ಡ ಪಾಲು ಬೆಳೆಯೇ ಇಲ್ಲದ ಚಳಿಗಾಲದಲ್ಲಿ, ಅದರಲ್ಲಿಯೂ ಹೆಪ್ಪುಗಟ್ಟಿದ ಮಣ್ಣು ಕರಗುವ ಕೆಲವೇ ದಿನಗಳಲ್ಲಿ ಹೊರಡುತ್ತದೆ. ಹಿಮದ ಮೇಲೆ ನಡೆದು ಅಳತೆ ತೆಗೆದ ಆ ಶ್ರಮದಿಂದಲೇ ಶೀತ ದೇಶಗಳ ದರ ಏರಿತು. ಅಳೆದವರ ಅಂಕಿ ಹೆಚ್ಚು, ಅಳೆಯದವರ ಅಂಕಿ ಕಡಿಮೆ ಎನ್ನುವ ವಿಪರ್ಯಾಸ ಈ ವಿಷಯದಲ್ಲಿ ಬಲವಾಗಿಯೇ ಇದೆ. ಫಿನ್ಲೆಂಡಿನ ಕೃಷಿಭೂಮಿಯಲ್ಲಿ ಸಾವಯವ ಮಣ್ಣಿನದು ಹತ್ತರಲ್ಲಿ ಒಂದು ಪಾಲು. ಆದರೆ ಮಣ್ಣಿನಿಂದ ಹೊರಡುವ ಇಂಗಾಲವನ್ನೂ ಸೇರಿಸಿದರೆ ಕೃಷಿಗೆ ಸಂಬಂಧಿಸಿದ ಹಸಿರುಮನೆ ಅನಿಲದ ಅರ್ಧಕ್ಕೂ ಹೆಚ್ಚು ಆ ಒಂದು ಪಾಲಿನಿಂದಲೇ ಬರುತ್ತದೆ.

ನೆದರ್ಲೆಂಡಿನವರು ಬಹುಕಾಲ ಅನುಸರಿಸಿದ ದಾರಿ ಬೇರೆ. ಅವರು ನೆಲ ಕುಸಿಯುವ ವೇಗವನ್ನು ಹಿಡಿದರು. ಇಷ್ಟು ಕುಸಿದರೆ ಇಷ್ಟು ಪೀಟ್ ಕರಗಿತು, ಅದರಲ್ಲಿ ಹೆಕ್ಟೇರಿಗೆ ಸುಮಾರು 234 ಕಿಲೋಗ್ರಾಂ ಸಾರಜನಕ ಬಿಡುಗಡೆಯಾಯಿತು, ಅದರ ಶೇಕಡ 2ರಷ್ಟು ನೈಟ್ರಸ್ ಆಕ್ಸೈಡ್ ಆಯಿತು ಎಂದು ಲೆಕ್ಕ ಹಾಕಿದರು. ಹೀಗೆ ಬಂದ ದರ ಸುಮಾರು 4.7 ಕಿಲೋಗ್ರಾಂ. ಫಿನ್ಲೆಂಡಿನ ಪೆಟ್ಟಿಗೆಯ ಅಂಕಿ, ನೆದರ್ಲೆಂಡಿನ ಕುಸಿತದ ಅಂಕಿ ಎರಡನ್ನೂ ಪಕ್ಕದಲ್ಲಿಟ್ಟು ಡಚ್ ಹೈನುಗಾರನೇ ಜಾಣನೆಂದು ತೀರ್ಮಾನಿಸುವುದು ಅವಿವೇಕ. ಒಂದು ಬಾರ್ಲಿ ಹೊಲ, ಇನ್ನೊಂದು ಹುಲ್ಲುಗಾವಲು. ಒಂದು ಅಳೆದದ್ದು, ಇನ್ನೊಂದು ಎಣಿಸಿದ್ದು.

ದರದ ಕಥೆ ಹೀಗಾದರೆ ವಿಸ್ತೀರ್ಣದ ಕಥೆ ಇನ್ನೂ ಸ್ವಾರಸ್ಯಕರ. ಐರ್ಲೆಂಡ್ ತನ್ನ ಸಾವಯವ ಮಣ್ಣಿನ ಹುಲ್ಲುಗಾವಲು ಮೂರು ಲಕ್ಷ ಹೆಕ್ಟೇರಿಗೂ ಮಿಕ್ಕಿದೆಯೆಂದೂ ಅದೆಲ್ಲವೂ ಆಳವಾಗಿ ಬಸಿದದ್ದೆಂದೂ ವರ್ಷಗಳ ಕಾಲ ವರದಿ ಮಾಡುತ್ತ ಬಂತು. 2023ರಲ್ಲಿ ಮಣ್ಣಿನ ನಕ್ಷೆ ಹಾಗೂ ಬಸಿಗಾಲುವೆಗಳ ಸ್ಥಿತಿಯನ್ನು ಮರುಪರಿಶೀಲಿಸಿದಾಗ, ನಿಜವಾಗಿ ಬಸಿದಿರುವುದು ಅದರ ಮೂರನೆಯ ಒಂದು ಪಾಲಿನ ಆಸುಪಾಸು ಎಂಬ ಅಂದಾಜು ಹೊರಬಿತ್ತು. ಅಜ್ಜನ ಕಾಲದಲ್ಲಿ ತೋಡಿದ ಕಾಲುವೆ ಹೂಳು ತುಂಬಿ ಮುಚ್ಚಿಹೋದರೂ ಕಾಗದದ ಮೇಲೆ ಅದು ಹರಿಯುತ್ತಲೇ ಇತ್ತು. ದೇಶದ ಲೆಕ್ಕ ಒಮ್ಮೆಗೇ ಇಳಿಯಿತು. ವಾತಾವರಣದಲ್ಲಿ ಒಂದು ಕಣವೂ ಕಡಿಮೆಯಾಗಲಿಲ್ಲ. ಇಡೀ ಜಗತ್ತಿನಲ್ಲಿ ಕೃಷಿಗಾಗಿ ಬಸಿದ ಸಾವಯವ ಮಣ್ಣು ಸುಮಾರು 2.5 ಕೋಟಿ ಹೆಕ್ಟೇರ್ ಎಂಬ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು ಕೂಡ ನಕ್ಷೆಗಳ ಮೇಲೆ ನಕ್ಷೆ ಇಟ್ಟು ಪಡೆದದ್ದೇ ಆಗಿದೆ. ದರದಲ್ಲಿನ ಅನಿಶ್ಚಿತತೆಯೂ ಕಡಿಮೆಯಲ್ಲ: 13 ಎಂಬ ದರದ ವ್ಯಾಪ್ತಿ 8.2ರಿಂದ 18, ಉಷ್ಣವಲಯದ 5ರ ವ್ಯಾಪ್ತಿ 2.3ರಿಂದ 7.7.

ಹಾಗಾದರೆ ಈ ಹೋಲಿಕೆಯೇ ವ್ಯರ್ಥವೆ? ಅಲ್ಲ. ದೇಶಗಳನ್ನು ಬಿಟ್ಟು ನೀರಿನ ಮಟ್ಟವನ್ನು ಹಿಡಿದು ಹೋಲಿಸಿದಾಗ ಅಂಕಿಗಳು ತಟ್ಟನೆ ಅರ್ಥ ಕೊಡುತ್ತವೆ. ಸಮಶೀತೋಷ್ಣ ವಲಯದ ಫಲವತ್ತಾದ ಹುಲ್ಲುಗಾವಲಿನಲ್ಲಿ ವರ್ಷದ ಸರಾಸರಿ ನೀರಿನ ಮಟ್ಟ ನೆಲದಿಂದ 30 ಸೆಂಟಿಮೀಟರಿಗಿಂತ ಕೆಳಗಿದ್ದರೆ ನೈಟ್ರಸ್ ಆಕ್ಸೈಡಿನ ದರ 8.2, ಅದಕ್ಕಿಂತ ಮೇಲಿದ್ದರೆ 1.6. ಇಂಗಾಲವೂ 6.1 ಟನ್ನಿನಿಂದ 3.6ಕ್ಕೆ ಇಳಿಯುತ್ತದೆ. ಮೀಥೇನನ್ನು ಬಿಟ್ಟು ಲೆಕ್ಕ ಹಾಕಿದರೆ ಹೆಕ್ಟೇರಿಗೆ ಸುಮಾರು 26 ಟನ್ ಇದ್ದದ್ದು 14 ಆಗುತ್ತದೆ. ಬ್ರಿಟಿಷ್ ವಿಜ್ಞಾನಿಗಳ ನೇತೃತ್ವದಲ್ಲಿ 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಬಸಿಯುವ ಆಳವನ್ನು ಪ್ರತಿ 10 ಸೆಂಟಿಮೀಟರ್ ತಗ್ಗಿಸಿದಂತೆ ಹೆಕ್ಟೇರಿಗೆ ಕನಿಷ್ಠ 3 ಟನ್ ಉಳಿತಾಯವೆಂದು ಕಂಡುಕೊಂಡಿತು. ಬೇಸಾಯವನ್ನೇ ಬಿಡಬೇಕಾದ ಅಗತ್ಯವಿಲ್ಲದೆ, ಕಾಲುವೆಗೆ ಹಲಗೆ ಅಡ್ಡಕೊಟ್ಟು ಪಡೆಯಬಹುದಾದ ಉಳಿತಾಯವಿದು.

ರಾಜಕಾರಣವೂ ತಡವಾಗಿ ಎಚ್ಚತ್ತಿದೆ. ಜರ್ಮನಿಯ ಸಾವಯವ ಮಣ್ಣಿನ ಶೇಕಡ 90ಕ್ಕೂ ಹೆಚ್ಚು ಬಸಿದುಹೋಗಿದ್ದು, ದೇಶದ ಒಟ್ಟು ಹೊರಸೂಸುವಿಕೆಯ ಸುಮಾರು ಶೇಕಡ 7 ಅಲ್ಲಿಂದಲೇ ಬರುತ್ತದೆ. ಡೆನ್ಮಾರ್ಕ್ 2024ರ ಒಪ್ಪಂದದಲ್ಲಿ 1,40,000 ಹೆಕ್ಟೇರ್ ತಗ್ಗುಭೂಮಿಯನ್ನು ಬೇಸಾಯದಿಂದ ಬಿಡಿಸುವ ಗುರಿ ಇಟ್ಟುಕೊಂಡಿತು. ಅದೇ ವರ್ಷ ಜಾರಿಗೆ ಬಂದ ಯೂರೋಪ್ ಒಕ್ಕೂಟದ ನಿಸರ್ಗ ಪುನಃಸ್ಥಾಪನಾ ಕಾನೂನು, ಬಸಿದ ಕೃಷಿ ಪೀಟ್‌ಭೂಮಿಯ ಶೇಕಡ 30ರಲ್ಲಿ 2030ರೊಳಗೆ ಪುನಶ್ಚೇತನ ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. ಹಾಗೆ ಕೈಗೊಂಡ ಭೂಮಿಯಲ್ಲಿ ಕಾಲುಭಾಗಕ್ಕೆ ಮಾತ್ರ ನೀರು ಮರಳಿಸಿದರೆ ಸಾಕೆಂಬ ರಿಯಾಯಿತಿಯೂ ಅದರಲ್ಲಿದೆ. ರೈತರ ಪ್ರತಿಭಟನೆಗಳ ನಡುವೆ ಹುಟ್ಟಿದ ಕಾನೂನಿಗೆ ಇಷ್ಟು ಸಡಿಲ ಸಹಜ. ಸಾಲ ಮಾಡಿ ಕೊಟ್ಟಿಗೆ ಕಟ್ಟಿದವನಿಗೆ ಹೊಲದಲ್ಲಿ ನೀರು ನಿಲ್ಲಿಸು ಎಂದು ಹೇಳುವ ಮುನ್ನ ಬದುಕಿನ ದಾರಿ ತೋರಿಸಬೇಕಾದುದು ಸರ್ಕಾರದ ಕರ್ತವ್ಯ.

ಪಶ್ಚಿಮ ಘಟ್ಟಕ್ಕೆ ಬಂದರೆ, ಮೊದಲಿಗೆ ಒಂದು ಎಚ್ಚರಿಕೆ. ಮಲೆನಾಡಿನ ಕಣಿವೆ ಗದ್ದೆಯ ಮಣ್ಣು ಪೀಟ್ ಅಲ್ಲ. ಐಪಿಸಿಸಿಯ ವ್ಯಾಖ್ಯೆಯಲ್ಲಿ ಸಾವಯವ ಮಣ್ಣು ಎನಿಸಿಕೊಳ್ಳಲು ಇಂಗಾಲ ಶೇಕಡ 12ರಿಂದ 20ರಷ್ಟಾದರೂ ಇರಬೇಕು. ಗದ್ದೆಯ ಮಣ್ಣು ಅದಕ್ಕೆ ಬಹಳ ಕೆಳಗೆ ನಿಲ್ಲುತ್ತದೆ. ಆದುದರಿಂದ 13 ಅಥವಾ 5 ಎಂಬ ದರವನ್ನು ತಂದು ಇಲ್ಲಿನ ತೋಟಕ್ಕೆ ಅಂಟಿಸುವುದು ತಪ್ಪು. ನಿಜವಾದ ಪೀಟ್ ಇರುವುದು ನೀಲಗಿರಿಯ ಶೋಲಾ ಹುಲ್ಲುಗಾವಲಿನ ತಗ್ಗುಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಪೀಟಿನ ಪದರಗಳಲ್ಲಿ ಸುಮಾರು 20,000 ವರ್ಷಗಳ ಹವಾಮಾನದ ಇತಿಹಾಸವನ್ನು ಓದಿ 1993ರಲ್ಲಿ ಪ್ರಕಟಿಸಿದರು. ಅಂತಹ ತಗ್ಗುಗಳಲ್ಲಿ ಎಷ್ಟೋ ಕಡೆ ಕಾಲುವೆ ತೋಡಿ ಆಲೂಗಡ್ಡೆ, ಕ್ಯಾರೆಟ್ ಬೆಳೆಯಲಾಗಿದೆ. ಘಟ್ಟದ ನದಿಗಳ ಕೊನೆಯಲ್ಲಿ, ಕೇರಳದ ಕುಟ್ಟನಾಡಿನಲ್ಲಿ, ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಕರಿ ಮಣ್ಣಿನ ಗದ್ದೆಗಳಿವೆ. ಬಿತ್ತನೆಗೆ ಮುನ್ನ ಅಲ್ಲಿ ನೀರನ್ನು ಪಂಪಿನಿಂದ ಹೊರಹಾಕುತ್ತಾರೆ. ಮತ್ತೆ ನೀರು ನಿಲ್ಲಿಸುತ್ತಾರೆ. ಉಷ್ಣವಲಯದ ಸಾವಯವ ಮಣ್ಣಿನ ಭತ್ತಕ್ಕೆ ಐಪಿಸಿಸಿಯ ದರ 0.4 ಮಾತ್ರ. ಬೇರೆ ಬೆಳೆಗೆ 5. ನಿಂತ ನೀರಿನ ಬೆಲೆ ಇದರಲ್ಲೇ ಕಾಣುತ್ತದೆ.

ಮಲೆನಾಡಿನ ಗದ್ದೆ ಪೀಟ್ ಅಲ್ಲದಿದ್ದರೂ, ನೂರಾರು ವರ್ಷ ಮುಳುಗಿ ಇಂಗಾಲ ಕೂಡಿಟ್ಟ ಮಣ್ಣು. ಭತ್ತ ಗಿಟ್ಟದೆ ಅದನ್ನು ಅಡಿಕೆಗೂ ಶುಂಠಿಗೂ ಬದಲಿಸುವಾಗ ಮೊದಲ ಕೆಲಸವೇ ಆಳದ ಬಸಿಗಾಲುವೆ. ಅಡಿಕೆಯ ಬೇರಿಗೆ ನೀರು ನಿಂತರೆ ಆಗದು. ಶುಂಠಿಗಂತೂ ಕೊಳೆರೋಗ ಖಚಿತ. ರೈತನ ನಿರ್ಧಾರದಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ “ಭತ್ತ ಬಿಟ್ಟರೆ ಮೀಥೇನ್ ಉಳಿಯಿತು, ಪರಿಸರಕ್ಕೆ ಲಾಭವೇ ಆಯಿತು” ಎಂಬ ವಾದವನ್ನು ಪರೀಕ್ಷಿಸದೆ ಒಪ್ಪಲಾಗದು. ದಕ್ಷಿಣ ಏಷ್ಯಾದ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋಗ್ರಾಂ ಮೀಥೇನ್ ಎಂಬುದು 2019ರ ದರ. ಸದಾ ನೀರು ನಿಂತ 120 ದಿನದ ಬೆಳೆಗೆ 102 ಕಿಲೋಗ್ರಾಂ, ಅಂದರೆ ಇಂಗಾಲದ ಡೈಆಕ್ಸೈಡಿಗೆ ಸಮಾನವಾಗಿ ಸುಮಾರು 2.75 ಟನ್. ಇನ್ನೊಂದು ಕಡೆ, ಬಸಿದ ಮಣ್ಣು ವರ್ಷಕ್ಕೆ ಒಂದು ಟನ್ ಇಂಗಾಲ ಕಳೆದುಕೊಳ್ಳುತ್ತದೆಂದು ಉದಾಹರಣೆಗೆ ಇಟ್ಟುಕೊಂಡರೆ, ಅದೇ 3.67 ಟನ್ ಆಯಿತು. ಅದರೊಡನೆ ಬಿಡುಗಡೆಯಾಗುವ ಸುಮಾರು 100 ಕಿಲೋಗ್ರಾಂ ಸಾರಜನಕದ ಶೇಕಡ 1 ನೈಟ್ರಸ್ ಆಕ್ಸೈಡ್ ಆದರೆ ಇನ್ನೂ 0.43 ಟನ್. ಒಟ್ಟು 4 ಟನ್ನಿಗೆ ಮಿಕ್ಕಿತು. ಅರ್ಧ ಟನ್ ಮಾತ್ರ ಕಳೆದುಕೊಂಡರೆ ಲೆಕ್ಕ ತಿರುಗಿ, ಭತ್ತದ ಮೀಥೇನೇ ಹೆಚ್ಚೆನಿಸುತ್ತದೆ. ಅಂತೂ ತೀರ್ಪು ನಿಂತಿರುವುದು ಕಾಲುವೆಯ ಆಳದ ಮೇಲೆ, ತೋಟಕ್ಕೆ ಹಾಕುವ ಸೊಪ್ಪು ಗೊಬ್ಬರದ ಮೇಲೆ, ಕೆಲವು ವರ್ಷಗಳಲ್ಲಿ ಮೇಲೇಳುವ ಮರಗಳ ಮೇಲೆ. ಭತ್ತದಲ್ಲಿಯೂ ನೀರು ಕಟ್ಟಿ ಬಿಡುವ ಕ್ರಮಕ್ಕೆ ತನ್ನದೇ ಅಪಾಯವುಂಟು. ದಕ್ಷಿಣ ಭಾರತದ ಗದ್ದೆಗಳಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮತ್ತೆ ಮತ್ತೆ ಒಣಗಿಸಿದ ಗದ್ದೆಗಳಿಂದ ಒಂದು ಹಂಗಾಮಿಗೆ ಹೆಕ್ಟೇರಿಗೆ 33 ಕಿಲೋಗ್ರಾಂವರೆಗೂ ನೈಟ್ರಸ್ ಆಕ್ಸೈಡ್ ಹೊರಟದ್ದು ದಾಖಲಾಗಿದೆ. ಇದು ಸಾರಜನಕದ ತೂಕವಲ್ಲ, ಇಡೀ ಅನಿಲದ ತೂಕ.

ಕಣಿವೆಯಲ್ಲಿ ಈ ವಿಷಯವಾಗಿ ಏನು ಮಾಡಬಹುದೆಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಅನಿಲ ಅಳೆಯುವ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ನೀರಿನ ಮಟ್ಟ ಅಳೆಯಲು ಎರಡು ಇಂಚಿನ ಪಿವಿಸಿ ಪೈಪಿನ ತುಂಡು ಸಾಕು. ಕೆಳಭಾಗಕ್ಕೆ ರಂಧ್ರ ಕೊರೆದು, ಹಳೆಯ ಬಟ್ಟೆ ಸುತ್ತಿ, ಮಣ್ಣಿನಲ್ಲಿ ಒಂದೂವರೆ ಮೀಟರ್ ಇಳಿಸಿ, ಬಾಯಿಗೆ ಮುಚ್ಚಳ ಹಾಕಿದರಾಯಿತು. ಕಾಲುವೆಯ ಅಂಚಿಗೊಂದು, ಎರಡು ಕಾಲುವೆಗಳ ನಡುವೆ ಒಂದು. ಹದಿನೈದು ದಿನಕ್ಕೊಮ್ಮೆ ಕೋಲು ಇಳಿಸಿ ನೋಡಿ, ಕಾಲುವೆ ತೋಡಿದ ವರ್ಷ, ಅದರ ಆಳ, ಹಾಕಿದ ಗೊಬ್ಬರ, ಬಿದ್ದ ಮಳೆ ಇವುಗಳ ಜೊತೆಗೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮಳೆ ನಿಂತು ನವೆಂಬರಿನಿಂದ ಮೇವರೆಗಿನ ಅಳತೆಗಳು ಮುಖ್ಯ. ಅಡಿಕೆಗೆ ತೊಂದರೆಯಾಗದಂತೆ ಆ ತಿಂಗಳುಗಳಲ್ಲಿ ಕಾಲುವೆಗೆ ಎಷ್ಟು ಎತ್ತರದ ಹಲಗೆ ಕೊಡಬಹುದೆಂಬುದು ಆ ಪುಸ್ತಕದಿಂದಲೇ ತಿಳಿಯಬೇಕಾದ ಸಂಗತಿ.